ಚೆನ್ನಯ ನೊಣ ಓಡಿಸುವುದಿಲ್ಲ

ಮುಂಬಯಿಯ ಜೋಗೇಶ್ವರಿಯ ಆ ಚಾಳಿನ ಸಾಲುಮನೆಗಳಲ್ಲಿ ನೊಣ ಓಡಿಸದ ಮನುಷ್ಯ ಎಂದರೆ ಚೆನ್ನಯ ಒಬ್ಬನೇ. ಊಟಕ್ಕೆ ಕೂತಾಗ ನೊಣ ಮೀನಿನ ಮುಳ್ಳಿನಿಂದ ಎದ್ದು ಅವನ ಹುಬ್ಬಿನ ಮೇಲೆ ಕೂರುತ್ತದೆ, ಹುಬ್ಬಿನಿಂದ ಮೂಗಿಗೆ ಇಳಿಯುತ್ತದೆ, ಹೊಳ್ಳೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತದೆ. ಚೆನ್ನಯ ಅನ್ನ ಕಲಸುವುದನ್ನು ಬಿಡುವುದಿಲ್ಲ, ಮುಖದ ಒಂದು ನರವನ್ನೂ ಅಲುಗಿಸುವುದಿಲ್ಲ.

“ಓಡಿಸಿ ಮಾರಾಯ್ರೆ ಅದನ್ನು, ನೋಡುವವರಿಗೆ ಹೇಸಿಗೆ ಆಗ್ತದೆ,” ಎಂದು ಹೆಂಡತಿ ರಾಜೀವಿ ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದಾಳೆ.

“ಅಭ್ಯಾಸ ತಪ್ತದೆ,” ಎಂದು ಚೆನ್ನಯನೂ ಅದೇ ವರ್ಷದಿಂದ ಹೇಳುತ್ತ ಬಂದಿದ್ದಾನೆ.

ಚೆನ್ನಯನ ಉದ್ಯೋಗ ಹೆಣವಾಗುವುದು. ಮೊದಲು ಸಿನಿಮಾದಲ್ಲಿ, ಆಮೇಲೆ ಸೀರಿಯಲ್ಲಿನಲ್ಲಿ. ಗುಂಡು ತಿಂದು ಬೀಳುವುದಲ್ಲ. ಅದನ್ನು ಯಾರು ಬೇಕಾದರೂ ಮಾಡುತ್ತಾರೆ, ಬೀಳುವವನಿಗೆ ಭೂಮಿಯೇ ಸಹಾಯ ಮಾಡುತ್ತದೆ. ಇವನದು ಬಿದ್ದ ಮೇಲಿನ ಕೆಲಸ. ಚಟ್ಟದ ಮೇಲೆ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗುವುದು, ಮೈಮೇಲೆ ಬಿದ್ದು ಅಳುವವರ ಭಾರ ತಡೆದುಕೊಳ್ಳುವುದು, ಅವರ ಕಣ್ಣೀರು ಕಿವಿಯೊಳಗೆ ಇಳಿದರೂ ಸುಮ್ಮನಿರುವುದು.

ಕಾಪುವಿನ ಕಡೆಯಿಂದ ಮೀಸೆ ಮೂಡುವ ಮುಂಚೆಯೇ ಮುಂಬಯಿಗೆ ಬಂದ ಚೆನ್ನಯ ಅಂಧೇರಿ ಸ್ಟೇಷನ್ ಪಕ್ಕದ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದ. ಒಂದು ಮಧ್ಯಾಹ್ನ ಹತ್ತಿರದ ಸ್ಟುಡಿಯೋದಲ್ಲಿ ಹೆಣವಾಗಬೇಕಿದ್ದವನು ಊಟ ಮುಗಿಸಿ ಪರಾರಿಯಾದ. ಯೂನಿಟ್ಟಿನವರು ಚಹಾಕ್ಕೆ ಬಂದು ತಲೆಮೇಲೆ ಕೈಹೊತ್ತು ಕೂತರು. ಹೋಟೆಲಿನ ಧಣಿ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಚೆನ್ನಯನನ್ನು ತೋರಿಸಿ, “ಇವನನ್ನು ಕರ್ಕೊಂಡು ಹೋಗಿ. ಟೇಬಲ್ ಒರೆಸುವಾಗಲೂ ಹೆಣದ ಹಾಗೇ ಇರುದು,” ಎಂದರು. ಅವತ್ತು ಚೆನ್ನಯ ಮಲಗಿದ ರೀತಿ ನೋಡಿ ಮೇಕಪ್ಪಿನವನು ತಲೆಯ ಹತ್ತಿರ ಊದುಬತ್ತಿ ಹಚ್ಚಿ ಕಣ್ಣೊರೆಸಿಕೊಂಡನಂತೆ. ಧಣಿಯ ಟೇಬಲ್ಲುಗಳನ್ನು ಆಮೇಲೆ ಬೇರೆ ಯಾರೋ ಒರೆಸಿದರು.

ಅವನು ಎಷ್ಟು ಸಲ ಸತ್ತಿದ್ದಾನೆ ಎಂದು ಲೆಕ್ಕ ಇಟ್ಟವರಿಲ್ಲ. ಆರೇ ಕಾಲನಿಯ ಮರಗಳ ನಡುವೆ ಸತ್ತಾಗ ಕಾಗೆಗಳು ಸಾಲಾಗಿ ಬಂದು ಕೂತು, ಪಿಂಡ ಎಲ್ಲಿ ಎನ್ನುವ ಹಾಗೆ ನೋಡಿದವು. ಸೆಟ್ಟಿಗೆ ಕರೆತಂದಿದ್ದ ಅಸಲಿ ಪುರೋಹಿತರೊಬ್ಬರು ಅವನು ಬದುಕಿದ್ದಾನೆಂದು ನಂಬದೆ ನಿಜವಾದ ಮಂತ್ರವನ್ನೇ ಕೊನೆಯವರೆಗೂ ಹೇಳಿ ದಕ್ಷಿಣೆಗೆ ಜಗಳವಾಡಿದರು. ಎಲ್ಲಕ್ಕಿಂತ ದೊಡ್ಡದು ನೊಣದ ಕತೆ. ಒಂದು ನೊಣ ಎಡಹೊಳ್ಳೆಯಿಂದ ಒಳಗೆ ಹೋಗಿ, ಒಳಗೆ ತನ್ನ ಕೆಲಸವೇನಿತ್ತೋ ಅದನ್ನು ಮುಗಿಸಿ, ಬಲಹೊಳ್ಳೆಯಿಂದ ಹೊರಗೆ ಬಂತು. ಚೆನ್ನಯ ಅಲುಗಲಿಲ್ಲ. ನಾಯಕಿ ಅಳುವುದನ್ನು ಮರೆತು ಬಾಯಿ ತೆರೆದು ನೋಡಿದಳು. ಹತ್ತಿ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಅಂಥವರಿಗೆ ಚೆನ್ನಯ ಉತ್ತರ ಕೊಡುವುದಿಲ್ಲ.

ಈ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ಒಂದು ಸೆಟ್ಟಿನದು, ಇನ್ನೊಂದು ರಾಜೀವಿಯದು.

ಸೆಟ್ಟಿನದನ್ನು ಮದ್ರಾಸಿನಿಂದ ಬಂದಿದ್ದ ಒಬ್ಬ ಲೈಟಿನವನು ಕಲಿಸಿದ್ದ. ಸತ್ತವನು ಕಟ್ ಎಂದ ಕೂಡಲೇ ಎದ್ದು ಕ್ಯಾಮೆರಾ ನೋಡಿ ಬಾಯ್ತುಂಬ ನಗಬೇಕು. ನಗದಿದ್ದರೆ ಸಾವು ಮನೆಗೆ ಹೋಗುವುದಿಲ್ಲ, ಸೆಟ್ಟಿನಲ್ಲೇ ಉಳಿದು ಸಿಕ್ಕಿದವರನ್ನು ಹಿಡಿಯುತ್ತದೆ. ಚೆನ್ನಯ ಮೂಗಿನ ಹತ್ತಿಯ ಸಮೇತ ಎದ್ದು ಕೂತು ನಕ್ಕನೆಂದರೆ ಹೊಸಬರು ಒಬ್ಬಿಬ್ಬರಾದರೂ ತಲೆತಿರುಗಿ ಬೀಳುತ್ತಿದ್ದರು.

ರಾಜೀವಿಯ ಕಟ್ಟಳೆ ಬಾಲ್ದಿಯದು. ಸತ್ತ ಮನೆಗೆ ಹೋಗಿ ಬಂದವರು ಮೀಯದೆ ಒಳಗೆ ಬರುವ ಹಾಗಿಲ್ಲ. ಹಾಗಿರುವಾಗ ತಾನೇ ಸತ್ತು ಬಂದವನು ಹೇಗೆ ಬರುತ್ತಾನೆ? ಶೂಟಿಂಗ್ ಇದ್ದ ದಿನ ಅವಳು ಬಾಗಿಲ ಹೊರಗೆ ಚಾಳಿನ ಜಗಲಿಯಲ್ಲಿ ನೀರು ತುಂಬಿದ ಬಾಲ್ದಿ ಇಡುತ್ತಾಳೆ. ಅವನು ಅಲ್ಲೇ ನಿಂತು ತಲೆಗೆ ಸುರಿದುಕೊಂಡು, ಹೊಸ್ತಿಲು ದಾಟುತ್ತಾನೆ. ಬಾಲ್ದಿ ಹೊರಗೆ ಬಂತೆಂದರೆ ಇವತ್ತು ಚೆನ್ನಯನಿಗೆ ಕೆಲಸ ಉಂಟು ಎಂದು ಇಡೀ ಚಾಳಿಗೆ ತಿಳಿಯುತ್ತಿತ್ತು.

ಮನುಷ್ಯ ಸಾವಿಗೆ ಹತ್ತಿರವಾದಷ್ಟೂ ಹೆಣದ ಪಾತ್ರ ಸುಲಭವಾಗಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಚೆನ್ನಯನೂ ಅಂದುಕೊಂಡಿದ್ದ, ಮುಪ್ಪಿನಲ್ಲಿ ಕೈತುಂಬ ಕೆಲಸ ಎಂದು ರಾಜೀವಿಗೆ ಧೈರ್ಯ ಹೇಳಿದ್ದ. ಆದದ್ದು ತಿರುಗುಮುರುಗು. ಅರುವತ್ತು ದಾಟಿದ್ದೇ ಅವನ ದೇಹ ತಾನು ಬದುಕಿರುವುದನ್ನು ಊರಿಗೆಲ್ಲ ಸಾರತೊಡಗಿತು. ಹೊಟ್ಟೆ ಗುಡುಗುಟ್ಟುತ್ತದೆ. ರೆಪ್ಪೆ ಅದುರುತ್ತದೆ. ಕುತ್ತಿಗೆಯ ನರ ಎಲ್ಲರಿಗೂ ಕಾಣುವ ಹಾಗೆ ಕುಣಿಯುತ್ತದೆ. ಪ್ರಾಯದಲ್ಲಿ ಜೀವ ಎಲ್ಲೋ ಆಳದಲ್ಲಿ ಸದ್ದಿಲ್ಲದೆ ಕೂತಿತ್ತು. ಈಗ ಖೋಲಿ ಖಾಲಿ ಮಾಡುವ ಬಾಡಿಗೆದಾರನ ಹಾಗೆ ಪಾತ್ರೆಪಗಡೆ ಎತ್ತಿಹಾಕಿ ಗಲಾಟೆ ಮಾಡುತ್ತಿತ್ತು.

ಒಂದು ಸೀರಿಯಲ್ಲಿನಲ್ಲಿ ಅಜ್ಜನಾಗಿ ಸತ್ತಾಗ ಮಾನ ಹೋಯಿತು. ಒಳ್ಳೆ ಏಸಿ, ಮೆತ್ತಗಿನ ಹಾಸು, ಸೊಸೆಯಂದಿರು ಸರದಿಯಲ್ಲಿ ಬಂದು ಲಾಲಿ ಹಾಡಿದ ಹಾಗೆ ಅಳುತ್ತಿದ್ದರು. ಚೆನ್ನಯನಿಗೆ ನಿದ್ದೆ ಬಂತು. ನಿದ್ದೆಯ ಹಿಂದೆ ಗೊರಕೆ ಬಂತು. ಕಿರಿ ಸೊಸೆ ಅಳುತ್ತಳುತ್ತ ನಕ್ಕುಬಿಟ್ಟಳು, ನಿರ್ದೇಶಕ ಕಟ್ ಎಂದು ಕಿರುಚಿದ. ಕಟ್ ಎನ್ನುವುದು ಕಿವಿಗೆ ಬಿದ್ದದ್ದೇ ಚೆನ್ನಯ ಅಭ್ಯಾಸಬಲದಿಂದ ಎದ್ದು ಕೂತು ಬಾಯ್ತುಂಬ ನಕ್ಕ. ಗೊರಕೆಯನ್ನಾದರೂ ಅವರು ಕ್ಷಮಿಸುತ್ತಿದ್ದರೋ ಏನೋ.

ಇದಾದ ಕೆಲವು ದಿನಕ್ಕೆ ಹಿತೇಶ್ ಬಂದ. ಸೆಟ್ಟುಗಳಿಗೆ ಜನ ಕಳಿಸುವುದು ಇವನ ಕೆಲಸ. ಇವನಪ್ಪ ಚೆನ್ನಯನ ಜೊತೆ ಅದೇ ಹೋಟೆಲಿನಲ್ಲಿ ಟೇಬಲ್ ಒರೆಸಿದವನು. ಇವನು ಇಲ್ಲೇ ಹುಟ್ಟಿದವನಾದ್ದರಿಂದ ಕನ್ನಡ ಅವನ ಬಾಯಲ್ಲಿ ಕುಂಟುತ್ತ ಬರುತ್ತಿತ್ತು.

“ಅಂಕಲ್, ಒಂದು ಕೆಲಸ ಉಂಟು. ನಿಮ್ಮ ಫೇಸ್‌ದು ಅಚ್ಚು ತೆಗೀಬೇಕು. ರಬ್ಬರ್ ಬಾಡಿ ಮಾಡ್ಲಿಕ್ಕೆ.”

“ಎಂತಕ್ಕೆ ಅದು?”

“ಬೆಂಕಿ ಸೀನಿಗೆ ಅಂಕಲ್. ನಿಮ್ಮನ್ನು ಸುಡ್ಲಿಕ್ಕೆ ಆಗ್ತದಾ?”

ಮಾತು ನ್ಯಾಯವಾಗಿತ್ತು. ಚೆನ್ನಯ ಅಂಧೇರಿಯ ಒಂದು ಗಾಳಿಯಿಲ್ಲದ ಕಾರ್ಖಾನೆ ಖೋಲಿಯಲ್ಲಿ ಮೂಗಿನಲ್ಲಿ ಎರಡು ನಳಿಕೆ ಇಟ್ಟುಕೊಂಡು ಮಲಗಿದ. ಮುಖದ ಮೇಲೆ ತಣ್ಣಗಿನ ಹಿಟ್ಟು ಸುರಿದರು, ಅದು ಗಟ್ಟಿಯಾಗುವವರೆಗೆ ಅಲುಗಬಾರದು ಎಂದರು. ಚೆನ್ನಯ ಅಲುಗಲಿಲ್ಲ. ಹೊಟ್ಟೆ ಗುಡುಗಲಿಲ್ಲ, ನರ ಕುಣಿಯಲಿಲ್ಲ. ಹಿಟ್ಟು ಸುರಿದವನು ಗಾಬರಿಯಾಗಿ ಎರಡು ಸಲ ನಾಡಿ ಹಿಡಿದು ನೋಡಿದ. ಚೆನ್ನಯನ ಜೀವಮಾನದ ಅತ್ಯುತ್ತಮ ಸಾವು ಅದು. ಕ್ಯಾಮೆರಾ ಇರಲಿಲ್ಲ.

ಆಮೇಲೆ ಫೋನು ಬರಲಿಲ್ಲ. ಆ ಅಚ್ಚಿನಿಂದಾದ ಬೊಂಬೆ ಬೆಂಕಿ ಸೀನಿಗೆ ಹೋಯಿತು. ಅಲ್ಲಿ ಸುಡದೆ ಉಳಿದು ನೀರಿನ ಸೀನಿಗೆ ಹೋಯಿತು. ಅಲ್ಲಿಂದ ಆಸ್ಪತ್ರೆಗೆ, ಮಸಣಕ್ಕೆ, ಜಮೀನುದಾರರ ಹಜಾರಕ್ಕೆ. ಸಂಜೆ ಹೊತ್ತು ರಾಜೀವಿ ಹೋಟೆಲಿಗೆ ಕೊಡಬೇಕಾದ ಬೆಳ್ಳುಳ್ಳಿ ಸುಲಿಯುತ್ತ ಟೀವಿ ನೋಡುವಾಗ ಆಗಾಗ ಕೈ ನಿಲ್ಲಿಸಿ ಕೂಗುತ್ತಿದ್ದಳು.

“ಇಕಾ, ನೀವು ಪುನಃ ಸತ್ರಿ!”

ಚೆನ್ನಯ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಬಾಲ್ದಿ ಒಳಗೇ ಉಳಿಯಿತು. ಅವನು ಮಾತ್ರ ಊಟದ ಹೊತ್ತಿಗೆ ನೊಣಕ್ಕೆ ಮುಖ ಕೊಟ್ಟು ಕೂರುವುದನ್ನು ಬಿಡಲಿಲ್ಲ. ಒಂದು ಸಲ ಕರೆದರೆ ಸಾಕಿತ್ತು. ಒಂದೇ ಒಂದು ಸಲ ಸರಿಯಾಗಿ ಸತ್ತು, ಎದ್ದು, ನಕ್ಕು ಬಿಡುತ್ತಿದ್ದ; ಗೊರಕೆಯ ಮೇಲೆ ಕತೆ ಮುಗಿಯುವುದು ಅವನಿಗೆ ಬೇಡವಾಗಿತ್ತು.

ಕರೆ ಬಂತು. ಹಿತೇಶ್ ಗಡಿಬಿಡಿಯಲ್ಲಿದ್ದ. “ಅಂಕಲ್, ನಾಳೆ ಕಾಂದಿವಲಿ. ಹಾಸ್ಪಿಟಲ್ ಅಲ್ಲ, ಹವೇಲಿ ಸೆಟ್. ನೀವೇ ಬೇಕಂತೆ. ಪ್ರಫುಲ್ಲಾ ಮೇಡಂ ಖುದ್ದು ಹೇಳಿದ್ದು.”

“ನಾನೇ?”

“ನೀವೇ ನೀವೇ. ಬೇರೆ ಯಾರಿದ್ರೂ ಚಲ್ತಾ ನಹೀಂ ಅಂತ.”

ಚೆನ್ನಯ ಫೋನು ಇಟ್ಟವನೇ ಚಾಪೆ ಬಿಡಿಸಿದ. ರಾಜೀವಿ ಪಕ್ಕದಲ್ಲಿ ಕೂತು ಬೆಳ್ಳುಳ್ಳಿಯ ಒಂದು ಸಿಪ್ಪೆಯನ್ನು ಅವನ ಮೇಲ್ತುಟಿಯ ಮೇಲೆ ಇಟ್ಟಳು. ಇದು ಅವರ ಹಳೆಯ ಪರೀಕ್ಷೆ. ಹಿಂದೆ ಅವಳು ಇಡೀ ಬುಟ್ಟಿ ಸುಲಿದು ಮುಗಿಸುವವರೆಗೂ ಆ ಸಿಪ್ಪೆ ಇಟ್ಟಲ್ಲೇ ಇರುತ್ತಿತ್ತು. ಈಗ ಅವಳು ಕೈ ಹಿಂದಕ್ಕೆ ತೆಗೆಯುವ ಮೊದಲೇ ಸಿಪ್ಪೆ ಹಾರಿ ಬಾಗಿಲ ಹತ್ತಿರ ಹೋಗಿ ಬಿತ್ತು.

“ಹೇಗಾಯ್ತು?” ಚೆನ್ನಯ ಕಣ್ಣು ಮುಚ್ಚಿಕೊಂಡೇ ಕೇಳಿದ.

“ಅಲುಗಲೇ ಇಲ್ಲ,” ಎಂದು ರಾಜೀವಿ ಇನ್ನೊಂದು ಸಿಪ್ಪೆಯನ್ನು ನಾಲಗೆಗೆ ಮುಟ್ಟಿಸಿ ಒದ್ದೆ ಮಾಡಿ ಅಂಟಿಸಿದಳು.

ಅಷ್ಟರಲ್ಲಿ ಪಕ್ಕದ ಖೋಲಿಯ ಅನುರಾಧಾ ಕೊತ್ತಂಬರಿ ಕೇಳಲು ಬಂದು ಬಾಗಿಲಲ್ಲಿ ನಿಂತಳು. ಇದೇ ಅನುರಾಧಾ ಮದುವೆಯಾಗಿ ಚಾಳಿಗೆ ಬಂದ ಹೊಸತರಲ್ಲಿ ಚಾಪೆಯ ಮೇಲೆ ಚೆನ್ನಯನನ್ನು ಕಂಡು ಹಾಲಿನ ಪಾತ್ರೆ ಕೈಬಿಟ್ಟು ಎದೆ ಬಡಿದುಕೊಂಡು ನಾಲ್ಕೂ ಮಾಳಿಗೆಯವರನ್ನು ಸೇರಿಸಿದ್ದಳು.

“ಎಂತ ಚೆನ್ನಯಣ್ಣ, ನಿದ್ದೆಯಾ?” ಎಂದಳು ಈಗ. “ಮಲಗಿ ಮಲಗಿ. ರಾಜೀವಿಯಕ್ಕಾ, ಸ್ವಲ್ಪ ಕೊತ್ತಂಬರಿ ಉಂಟಾ?”

ರಾಜೀವಿ ಕೊತ್ತಂಬರಿ ಕೊಟ್ಟು ಬಾಗಿಲು ಹಾಕಿದಳು. ಚಾಪೆಯ ಮೇಲಿದ್ದವನು ಕಣ್ಣು ತೆರೆಯಲಿಲ್ಲ.

ಮರುದಿನ ಚೆನ್ನಯ ಹೊಟ್ಟೆ ಮಾತಾಡದಿರಲೆಂದು ಏನೂ ತಿನ್ನದೆ ಲೋಕಲ್ ಹಿಡಿದ. ಹೊರಡುವಾಗ ರಾಜೀವಿ ಬಾಲ್ದಿಯನ್ನು ತೊಳೆದು ಹೊರಗೆ ಇಡುತ್ತಿದ್ದಳು. ಜಗಲಿಯ ಎಲ್ಲ ಬಾಗಿಲುಗಳಿಂದ ಜನ ಇಣುಕಿ, “ಓ, ಬಾಲ್ದಿ ಬಂತು!” ಎಂದರು.

ಕಾಂದಿವಲಿಯ ಆ ಸೆಟ್ಟು ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಗಳ ನಡುವಿನ ಒಂದು ಶೆಡ್ಡಿನೊಳಗಿತ್ತು. ಹೊರಗೆ ಟೆಂಪೋಗಳ ಹಾರನ್ನು, ಒಳಗೆ ಅಮೃತಶಿಲೆಯ ಬಣ್ಣ ಬಳಿದ ಪ್ಲೈವುಡ್ ಕಂಬಗಳು. ಹಜಾರದ ನಡುವೆ ಚಟ್ಟ ತಯಾರಾಗಿತ್ತು. ಗೊಂಡೆ ಹೂವಿನ ವಾಸನೆ ಮೂಗಿಗೆ ಬಡಿದದ್ದೇ ಚೆನ್ನಯನ ಮೈ ಹಗುರವಾಯಿತು. ಶರ್ಟಿನ ಗುಂಡಿ ಬಿಚ್ಚುತ್ತ ಹತ್ತಿರ ಹೋದ.

ಚಟ್ಟದ ಮೇಲೆ ಚೆನ್ನಯ ಮಲಗಿದ್ದ.

ಗಲ್ಲದ ಮೇಲಿನ ನರೂಲಿ ಬಿಟ್ಟರೆ ಎಲ್ಲವೂ ಇತ್ತು. ನರೂಲಿಯನ್ನು ಅವರು ತೆಗೆದುಬಿಟ್ಟಿದ್ದರು, ಕ್ಯಾಮೆರಾದಲ್ಲಿ ಚೆಂದ ಕಾಣುವುದಿಲ್ಲವೆಂದು. ಒಬ್ಬ ಹುಡುಗಿ ಬೊಂಬೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕರೆಯಿಂದ ಕೂದಲು ಬಾಚುತ್ತಿದ್ದಳು.

“ಇದೆಂತ ಹಿತೇಶ? ನಾನು ಬಂದೆನಲ್ಲ. ಇದನ್ನು ಎತ್ತಿಸು.”

ಹಿತೇಶ್ ತನ್ನ ಶೂಸು ನೋಡಿಕೊಂಡ. “ಅಂಕಲ್, ಆಕ್ಚುಲಿ... ಮಲಗುದು ಅದು ಮಾಡ್ತದೆ. ನಿಮ್ದು ಬರೀ ನಗು.”

ವಿಷಯ ಇಷ್ಟು. ಸೀರಿಯಲ್ಲಿನ ಯಜಮಾನಿ ಪ್ರಫುಲ್ಲಾ ಮೇಡಂ ನಿಂಬೆಹಣ್ಣು ಕಟ್ಟದ ಲಿಫ್ಟನ್ನು ಹತ್ತುವವರಲ್ಲ. ಬೊಂಬೆ ಸೆಟ್ಟಿಗೆ ಬಂದಾಗಿನಿಂದ ಒಂದಲ್ಲ ಒಂದು ಆಗುತ್ತಿತ್ತು. ಒಂದು ದೊಡ್ಡ ಲೈಟು ಬಿತ್ತು, ಅತ್ತೆಯ ಪಾತ್ರದವರಿಗೆ ಹೇಳಬಾರದ ಜಾಗದಲ್ಲಿ ಕುರು ಎದ್ದು ಅವರು ನಿಂತುಕೊಂಡೇ ದರ್ಬಾರು ಮಾಡಬೇಕಾಯಿತು, ಚಹಾದ ಹಾಲು ದಿನಾ ಒಡೆಯುತ್ತಿತ್ತು, ನೋಡುವ ಜನ ಬೇರೆ ಚಾನೆಲ್ಲಿಗೆ ಹೋದರು. ಆಗ ಲೈಟಿನ ಮನೀಶ್, ಚೆನ್ನಯನ ನಗು ಕೇಳಿಕೇಳಿಯೇ ತಲೆ ಹಣ್ಣು ಮಾಡಿಕೊಂಡವನು, ಕಾರಣ ಹೇಳಿದ: ಈ ಹೆಣ ಕಟ್ ಆದ ಮೇಲೆ ನಗುವುದಿಲ್ಲ. ಇಷ್ಟು ಸಾವು ಎಲ್ಲಿಗೆ ಹೋಗಬೇಕು? ಮೊದಲು ಆಫೀಸಿನವನೊಬ್ಬನಿಂದ ನಗಿಸಿ ನೋಡಿದರು. ಹಾಲು ಮತ್ತೆ ಒಡೆಯಿತು. ಮುಖ ಯಾರದೋ ಅವರೇ ನಗಬೇಕು ಎಂದು ತೀರ್ಮಾನವಾಯಿತು.

ಚೆನ್ನಯ ಬಿಚ್ಚಿದ ಗುಂಡಿಯನ್ನು ಹಾಕಲಿಲ್ಲ. “ನಗ್ತೇನೆ. ಅದರ ಮೊದಲು ಒಮ್ಮೆ ನಾನು ಮಲಗ್ತೇನೆ. ಒಂದೇ ಟೇಕು. ಸರಿಯಾದ್ರೆ ನನ್ನನ್ನು ಇಟ್ಕೊಳ್ಳಿ. ಆಗದಿದ್ರೆ ನೀವು ಹೇಳಿದಷ್ಟು ನಗ್ತೇನೆ. ಕೇಳು ಅವರತ್ರ.”

ಹಿತೇಶ್ ಹೋಗಿ ಕೇಳಿದ. ನಿರ್ದೇಶಕ ಗಡಿಯಾರ ನೋಡಿದ. ಪ್ರಫುಲ್ಲಾ ಮೇಡಂ ಮಾತ್ರ ನಗಬೇಕಾದವನ ಮನಸ್ಸು ನೋಯಿಸಬಾರದು, ಮಲಗಿಕೊಳ್ಳಲಿ ಎಂದರು. ಬೊಂಬೆಯನ್ನು ಎತ್ತಿ ಸೋಫಾದ ಮೇಲೆ ಕೂರಿಸಿದರು. ಅದು ಕಾಲು ಚಾಚಿ ಚೆನ್ನಯನ ಕಡೆಗೇ ನೋಡುತ್ತಿತ್ತು.

ಗಂಧ ಹಚ್ಚಿದರು, ಹತ್ತಿ ಇಟ್ಟರು, ಶಾಲು ಹೊದಿಸಿದರು. ಸೊಸೆಯಂದಿರು ಅಳತೊಡಗಿದರು. ಚೆನ್ನಯ ಬಾವಿಗೆ ಕೊಡ ಇಳಿಸುವ ಹಾಗೆ ಉಸಿರನ್ನು ಮೆಲ್ಲಮೆಲ್ಲನೆ ಕೆಳಗೆ ಬಿಟ್ಟ. ಹೊಟ್ಟೆ ಸುಮ್ಮನಿತ್ತು. ರೆಪ್ಪೆ ಸುಮ್ಮನಿತ್ತು. ಆ ಹಳೆಯ ಜಾಗ ಸಿಕ್ಕಿತು, ಅಳು ದೂರದ ರೇಡಿಯೋ ಥರ ಕೇಳುವ ಜಾಗ. ಇಲ್ಲೇ ಇತ್ತು ಇಷ್ಟು ದಿನ, ಎಂದುಕೊಂಡ. ಮಾರಾಯ, ಇಲ್ಲೇ ಇತ್ತು.

ಕಟ್ ಎಂದರು. ಚೆನ್ನಯ ಗೆದ್ದವನ ಹಾಗೆ ಎದ್ದು ಕೂತು ನಗಲು ಬಾಯಿ ತೆರೆದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

“ವೆರಿ ಗುಡ್ ಅಂಕಲ್, ವೆರಿ ಗುಡ್,” ಎಂದ ನಿರ್ದೇಶಕ, ಓಟದಲ್ಲಿ ಕೊನೆಗೆ ಬಂದ ಮಗುವಿಗೆ ಹೇಳುವ ಹಾಗೆ.

“ನೋಡ್ಬಹುದಾ?” ಚೆನ್ನಯ ಕೇಳಿದ.

“ಬೇಡ ಅಂಕಲ್,” ಎಂದ ಹಿತೇಶ್. ಚೆನ್ನಯ ಆಗಲೇ ಮಾನಿಟರಿನ ಮುಂದೆ ನಿಂತಿದ್ದ.

ಮಾನಿಟರಿನಲ್ಲಿ ಒಬ್ಬ ಮುದುಕ ಶಾಲು ಹೊದ್ದು ಮಲಗಿದ್ದ. ಎದೆಯ ಮೇಲಿನ ಶಾಲು ಮಲ್ಪೆಯ ದೋಣಿಯ ಹಾಗೆ ಏರಿ ಇಳಿಯುತ್ತಿತ್ತು. ಮೂಗಿನ ಹತ್ತಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಕುತ್ತಿಗೆಯ ನರ ಕುಣಿಯುತ್ತಿತ್ತು, ರೆಪ್ಪೆಯಂತೂ ಯಾರಿಗೋ ಸನ್ನೆ ಮಾಡುತ್ತಿತ್ತು. ಚೆನ್ನಯ ಇಷ್ಟು ವರ್ಷದಲ್ಲಿ ಕೆಟ್ಟದಾಗಿ ಸತ್ತದ್ದುಂಟು. ಕೆಟ್ಟದಾಗಿ ಸತ್ತಾಗೆಲ್ಲ ಅವನಿಗೆ ಮೊದಲೇ ತಿಳಿಯುತ್ತಿತ್ತು. ಇವತ್ತು ತಿಳಿದಿರಲಿಲ್ಲ.

ಬೊಂಬೆಯನ್ನು ಮತ್ತೆ ಮಲಗಿಸಿದರು. ಶಾಟು ಒಂದೇ ಸಲಕ್ಕೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೆ ಎಂದು ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ.

“ಈಗ ಅಂಕಲ್. ನಗಿ.”

ಚೆನ್ನಯ ಚಟ್ಟದ ಪಕ್ಕ ನಿಂತು ಕ್ಯಾಮೆರಾ ನೋಡಿದ. ಬಾಯಿ ತೆರೆದ. ವಾಶರ್ ಹೋದ ಕುಕ್ಕರಿನಿಂದ ಬರುವಂಥದ್ದೊಂದು ಸದ್ದು ಬಂತು. ಪ್ರಫುಲ್ಲಾ ಮೇಡಂ ತಲೆಯಾಡಿಸಿ, ಇದು ಅಳು, ಇದರಿಂದ ಇನ್ನೂ ಕೆಡುತ್ತದೆ ಎಂದರು.

“ಏನಾದ್ರೂ ಕಾಮೆಡಿ ನೆನಪು ಮಾಡಿ ಅಂಕಲ್,” ಎಂದು ಹಿತೇಶ್ ಪಿಸುಗುಟ್ಟಿದ.

ಎಲ್ಲಿಂದಲೋ ಒಂದು ನೊಣ ಬಂತು. ಬಂದು ಬೊಂಬೆಯ ಹುಬ್ಬಿನ ಮೇಲೆ ಕೂತಿತು. ಮೂಗಿಗೆ ಇಳಿಯಿತು. ಹೊಳ್ಳೆಯ ಬಾಗಿಲಲ್ಲಿ ನಿಂತು ಮುಂಗಾಲು ಉಜ್ಜಿಕೊಂಡು ಒಳಗೆ ಇಣುಕಿತು. ಬೊಂಬೆ ಅಲುಗಲಿಲ್ಲ. ಅಲುಗಲಿಲ್ಲ ಎಂದರೆ, ಚೆನ್ನಯ ತನ್ನ ಅತ್ಯಂತ ಒಳ್ಳೆಯ ದಿನಗಳಲ್ಲೂ ಅಷ್ಟು ಚೆನ್ನಾಗಿ ಅಲುಗದೆ ಇದ್ದವನಲ್ಲ. ನೊಣ ಸ್ವಲ್ಪ ಹೊತ್ತು ನೋಡಿತು. ರಬ್ಬರಿನಲ್ಲಿ ಅದಕ್ಕೆ ಬೇಕಾದ್ದೇನೂ ಇದ್ದಂತಿರಲಿಲ್ಲ. ಎದ್ದು ಬಂದು ನೇರವಾಗಿ ಚೆನ್ನಯನ ಮೂಗಿನ ಮೇಲೆ ಕೂತಿತು.

ಆಗ ಚೆನ್ನಯನಿಗೆ ನಗು ಬಂತು.

ಹೊಟ್ಟೆಯ ತಳದಿಂದ ಬಂತು, ತಡೆಯಲಾಗದೆ ಬಂತು, ಪ್ಲೈವುಡ್ಡಿನ ಕಂಬಗಳು ಅದುರುವಷ್ಟು ಬಂತು. ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಬೊರಿವಲಿಯವರೆಗೆ ಹಾರಿಹೋದವು. ಮಿಣುಕುತ್ತಿದ್ದ ಲೈಟೊಂದು ಸರಿಯಾಗಿ ಉರಿಯತೊಡಗಿತು, ಮನೀಶ್ ಕೈಮುಗಿದ. ಅತ್ತೆಯ ಪಾತ್ರದವರು ಮೆಲ್ಲನೆ, ಪರೀಕ್ಷೆ ಮಾಡುವವರ ಹಾಗೆ, ಕುರ್ಚಿಯ ಮೇಲೆ ಕೂತು ನೋಡಿದರು. ಕೂರಲು ಆಯಿತು. ಪ್ರಫುಲ್ಲಾ ಮೇಡಂ ಕಣ್ಣೊರೆಸಿಕೊಂಡರು. ಚೆನ್ನಯ ನಗುತ್ತಲೇ ಇದ್ದ. ಹಿತೇಶ್ ನೀರು ಕುಡಿಸಿ ಕೂರಿಸಬೇಕಾಯಿತು.

“ಸೂಪರ್ ಅಂಕಲ್! ಕ್ಯಾ ಬಾತ್ ಹೈ!” ಹಿತೇಶ್ ಮೊಬೈಲನ್ನು ಕಿವಿಗೆ ಹಿಡಿದು ಕೇಳುತ್ತಿದ್ದ. ಅದರೊಳಗಿಂದ ಸಣ್ಣದಾಗಿ ಅದೇ ನಗು ಬರುತ್ತಿತ್ತು. “ಪೂರಾ ರೆಕಾರ್ಡ್ ಆಯ್ತು. ಇನ್ನು ನೀವು ಇಷ್ಟು ದೂರ ಬರುವ ತ್ರಾಸ ಇಲ್ಲ. ಪ್ರತಿ ಸಲ ಇದನ್ನೇ ಪ್ಲೇ ಮಾಡ್ತೇವೆ.”

“ಹೌದಾ,” ಎಂದ ಚೆನ್ನಯ.

“ಆರಾಮ್ ಮಾಡಿ ನೀವು ಇನ್ನು. ಬಹುತ್ ಕಿಯಾ ಆಪ್‌ನೇ.”

ವಾಪಸು ಬರುವ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ಎದುರಿನ ಸೀಟಿನವರೆಲ್ಲ ಕತ್ತು ವಾಲಿಸಿ, ಬಾಯಿ ತೆರೆದು, ಕೈ ಜೋತುಬಿಟ್ಟು ಮಲಗಿದ್ದರು. ಯಾವ ತರಬೇತಿಯೂ ಇಲ್ಲದೆ ಎಲ್ಲರೂ ಅವನಿಗಿಂತ ಚೆನ್ನಾಗಿ ಸತ್ತಿದ್ದರು. ಜೋಗೇಶ್ವರಿ ಬಂದಾಗ ಒಬ್ಬೊಬ್ಬರಾಗಿ ಎದ್ದು ಇಳಿದರು.

ಜಗಲಿಯಲ್ಲಿ ಬಾಲ್ದಿ ಕಾಯುತ್ತಿತ್ತು. ರಾಜೀವಿ ಇವತ್ತು ನೀರಿಗೆ ನಾಲ್ಕು ತುಳಸಿ ಎಲೆಯನ್ನೂ ಹಾಕಿದ್ದಳು. ಹೆಜ್ಜೆ ಸದ್ದು ಕೇಳಿ ಒಳಗಿನಿಂದಲೇ ಕೂಗಿದಳು.

“ಮಿಂದು ಬನ್ನಿ ಆಯ್ತಾ. ಬೈರಾಸು ಅಲ್ಲೇ ಉಂಟು.”

ಚೆನ್ನಯ ಬಾಲ್ದಿಯ ಮುಂದೆ ನಿಂತ. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಅನುರಾಧಾ ಕೈಯಲ್ಲಿ ಸೌಟು ಹಿಡಿದೇ ಬಂದಿದ್ದಳು. ಒಂದು ಚೊಂಬು ನೀರು ತಲೆಗೆ ಸುರಿದುಕೊಂಡರೆ ಎಲ್ಲರೂ ಸಂತೋಷವಾಗಿ ಒಳಗೆ ಹೋಗುತ್ತಿದ್ದರು. ಅವನು ಬಗ್ಗಿ ಚೊಂಬು ಎತ್ತಿದ, ಹಾಗೇ ಕೆಳಗಿಟ್ಟ. ಬಾಲ್ದಿಯನ್ನು ದಾಟಿ, ಹೊಸ್ತಿಲು ದಾಟಿ, ಒಣ ತಲೆಯಲ್ಲೇ ಒಳಗೆ ಬಂದ.

ರಾಜೀವಿ ಅವನ ತಲೆ ನೋಡಿದಳು. “ಇದೆಂತ, ಮೀಲಿಲ್ವಾ?”

“ಬೇಡ,” ಎಂದ ಚೆನ್ನಯ. “ಸೂತಕ ಎಂತದೂ ಇಲ್ಲ.”

ಅವಳು ಗಂಜಿ ಬಡಿಸಿದಳು, ಪಕ್ಕದಲ್ಲಿ ಒಣಮೀನಿನ ಚಟ್ನಿ ಇಟ್ಟಳು. ಚೆನ್ನಯನಿಗೆ ನಿನ್ನೆಯಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ; ತಲೆ ಬಗ್ಗಿಸಿ ತಿನ್ನತೊಡಗಿದ. ಚಟ್ನಿಯ ವಾಸನೆಗೆ ನೊಣ ಬಂತು. ಬಟ್ಟಲ ಅಂಚಿನಲ್ಲಿ ಕೂತು, ಅಲ್ಲಿಂದ ಎದ್ದು, ದಿನದ ಹಾಗೆ ಅವನ ಹುಬ್ಬಿನ ಮೇಲೆ ಇಳಿಯಿತು.

ಚೆನ್ನಯ ಎಡಗೈ ಎತ್ತಿ ಅದನ್ನು ಓಡಿಸಿದ.

ಬೆಳ್ಳುಳ್ಳಿ ಸುಲಿಯುತ್ತಿದ್ದ ರಾಜೀವಿಯ ಕೈ ನಿಂತಿತು. ನೊಣ ಒಂದು ಸುತ್ತು ಹಾಕಿ ಮತ್ತೆ ಬಂತು. ಚೆನ್ನಯ ಮತ್ತೆ ಓಡಿಸಿದ. ರಾಜೀವಿ ಎದ್ದು ಹೊರಗೆ ಹೋಗಿ, ಬಾಲ್ದಿಯ ನೀರನ್ನು ಮೋರಿಗೆ ಚೆಲ್ಲಿ, ಬಾಲ್ದಿಯನ್ನು ಒಳಗೆ ತಂದು ಅಡುಗೆಕಟ್ಟೆಯ ಕೆಳಗೆ ಬೋರಲು ಹಾಕಿದಳು.